ಅರೆ ಚಮಚ

“ಇನ್ನೊಂದು ಸಲ ಹೊಡಿ,” ಎಂದರು ಇನ್ಸ್‌ಪೆಕ್ಟರಮ್ಮ.

ಎಲ್ಲರೂ ರಿಪೇರಿ ಎಂದೇ ಕರೆಯುವ ಕಂಪ್ಯೂಟರ್ ದುರಸ್ತಿಯವನು ‘ಅರೆ’ ಎಂದು ಹೊಡೆದ. ಪರದೆಯ ಮೇಲೆ ‘ಅರೆ’ ಎಂದೇ ಮೂಡಿತು. ಆಮೇಲೆ ಜಾಗ ಬಿಡುವ ಉದ್ದ ಕೀಲಿಯನ್ನು ಒತ್ತಿದ. ರೆಪ್ಪೆ ಬಡಿಯುವಷ್ಟರಲ್ಲಿ ‘ಅರೆ’ ಮಾಯವಾಗಿ ಅದರ ಜಾಗದಲ್ಲಿ ‘ಆರು’ ಕೂತಿತ್ತು.

“ಇದು ಐದನೇ ಸಲ ಮೇಡಂ. ಐವತ್ತು ಸಲ ಹೊಡೆದ್ರೂ ಇದು ಹೀಗೇ ಮಾಡುತ್ತೆ.”

“ತಪ್ಪಿದ್ರೆ ಕೆಂಪು ಗೆರೆ ಬರ್ಬೇಕಲ್ವಾ?”

“ಬರ್ಬೇಕು. ಇಲ್ಲಿ ಯಾವುದಕ್ಕೂ ಬರ್ತಿಲ್ಲ.” ಅವನು ಅಂಗೈಯನ್ನು ಕೀಲಿಮಣೆಯ ಮೇಲೆ ಊರಿದ. ತಲೆಬುಡವಿಲ್ಲದ ಅಕ್ಷರಗಳು ಪುಟದ ತುಂಬ ಸುರಿದವು. ಒಂದರ ಕೆಳಗೂ ಗೆರೆ ಬೀಳಲಿಲ್ಲ. “ತಪ್ಪು ಹಿಡಿಯೋ ಕಣ್ಣು ಮುಚ್ಚಿದೆ. ತಿದ್ದೋ ಕೈ ಮಾತ್ರ ತನ್ನ ಪಾಡಿಗೆ ತಾನು ಓಡಾಡ್ತಿದೆ.”

ಇನ್ಸ್‌ಪೆಕ್ಟರಮ್ಮ ಕೈಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಎಂಟು ದಿನಗಳ ಹಿಂದೆ, ಬೆಳಗ್ಗೆ, ಇದೇ ಪರದೆಯ ಮೇಲೆ ತೆರೆದುಕೊಂಡಿದ್ದ ಪತ್ರದ ಪ್ರತಿ ಅದು. ಪರದೆಯ ಮುಂದಿನ ಇದೇ ಕುರ್ಚಿಯಲ್ಲಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮುದ್ರಣಾಲಯದ ಕರಡು ತಿದ್ದುವ ಹಿರಿಯರು ಸತ್ತು ಕೂತಿದ್ದರು.

“ಓದು.”

ರಿಪೇರಿ ಓದಿದ. “‘ವೈದ್ಯರು ಹೇಳಿದ ಅರೆ ಚಮಚ ನನ್ನ ಕೈಯಲ್ಲಿ ಆರು ಚಮಚವಾಯಿತು. ಅರೆ ಎಂದು ಓದಬೇಕಾದ ಕಣ್ಣು ಓದಲಿಲ್ಲ. ತಪ್ಪು ನನ್ನೊಬ್ಬನದೇ. ಬೇರೆ ಯಾರನ್ನೂ ಇದಕ್ಕೆ ಎಳೆಯಬೇಡಿ.’” ಅವನು ನಿಧಾನವಾಗಿ ತಲೆ ಎತ್ತಿದ. “ಎರಡು ಕಡೆ ‘ಅರೆ’ ಇದೆ. ಎರಡೂ ಕ್ಷೇಮವಾಗಿವೆ.”

“ಈ ಕಂಪ್ಯೂಟರಿನಲ್ಲೇ ಹೊಡೆದಿದ್ರೆ?”

“ಆರು ಚಮಚ ಆರು ಚಮಚವಾಯಿತು ಅಂತ ಆಗಿರ್ತಿತ್ತು. ಹಿಂದೆ ಹೋಗಿ ಕೈಯಲ್ಲಿ ತಿದ್ದಬಹುದು ಅನ್ನಿ. ಆದ್ರೆ ತಿದ್ದಿದ ಗುರುತೇ ಇಲ್ಲ. ಇಡೀ ಪತ್ರ ಒಂದೇ ಏಟಿಗೆ ಬಂದು ಕೂತಿದೆ, ಸಂಜೆ ಆರೂ ಇಪ್ಪತ್ತಕ್ಕೆ. ಬೇರೆ ಕಡೆ ಹೊಡೆದು ತಂದು ಇಲ್ಲಿ ಹಾಕಿದ್ದಾರೆ.”

“ಹಾಗಾದ್ರೆ ಮಗಳು ಟೀಚರಮ್ಮನ ಮಾತು ನಿಜ,” ಎಂದರು ಇನ್ಸ್‌ಪೆಕ್ಟರಮ್ಮ. “ಈ ಪತ್ರ ಅವರಪ್ಪ ಹೊಡೆದದ್ದಲ್ಲ.”

ಹಾಗೆ ಹೇಳಿದರೂ ಅವರ ಮುಖದಲ್ಲಿ ಗೆಲುವು ಕಾಣಲಿಲ್ಲ.

ಸತ್ತವರನ್ನು ಎಲ್ಲರೂ ತಿದ್ದಪ್ಪ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಇನ್ನೊಬ್ಬರ ತಪ್ಪುಗಳನ್ನು ತಿದ್ದಿ ಸಂಪಾದಿಸಿದ ಹೆಸರು. ಬಸ್ಸಿಗೆ ಕಾಯುವಾಗ ಎದುರಿನ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ಬಿಟ್ಟುಹೋಗಿದ್ದರೆ ಬಸ್ಸು ಹೋದರೂ ಸರಿ, ಅಂಗಡಿಯವನಿಗೆ ಹೇಳಿಯೇ ಬರುತ್ತಿದ್ದರಂತೆ. ಔಷಧಿಯ ಅಳತೆಯನ್ನು ಅಂಕಿಯಲ್ಲಿ ಬಿಡುತ್ತಿರಲಿಲ್ಲ. ಅಂಕಿಯ ಒಂದು ಗೆರೆ ಅಳಿಸಿದರೂ ಅರ್ಥ ಬದಲಾಗುತ್ತದೆ ಎಂದು ತಾವೇ ಕೂತು ಅಕ್ಷರದಲ್ಲಿ ಹೊಡೆಯುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಹೋಗುವ ರೋಗಿಗಳಿಗಾಗಿ ಮಾಡಿದ ಕೈಪುಸ್ತಕದಲ್ಲಿಯೂ ಅವರು ಹಾಗೆಯೇ ಮಾಡಿದ್ದರು. ನಿದ್ದೆಯ ಔಷಧಿಯ ಎದುರಿಗೆ ವೈದ್ಯರು ಅರ್ಧದ ಗುರುತು ಹಾಕಿದ್ದರು. ತಿದ್ದಪ್ಪ ಅದನ್ನು ‘ಅರೆ ಚಮಚ’ ಎಂದು ಹೊಡೆದರು. ಅಚ್ಚಾಗಿ ಬಂದದ್ದು ‘ಆರು ಚಮಚ’.

ಒಬ್ಬ ದರ್ಜಿ ತನ್ನ ಹೆಂಡತಿಗೆ ಆ ಪುಸ್ತಕ ನೋಡಿ ಔಷಧಿ ಕೊಟ್ಟ. ಬಟ್ಟೆ ಕತ್ತರಿಸುವ ಮುನ್ನ ಮೂರು ಸಲ ಅಳೆಯುವ ಮನುಷ್ಯ. ಪುಟವನ್ನೂ ಮೂರು ಸಲ ಓದಿದ್ದನಂತೆ. ಆಕೆ ಏಳಲಿಲ್ಲ.

ಆ ಸುದ್ದಿ ಮುದ್ರಣಾಲಯಕ್ಕೆ ಮುಟ್ಟಿದ ಮೂರನೇ ದಿನ ತಿದ್ದಪ್ಪನ ಎದೆಬಡಿತ ನಿಂತಿತು. ಅದರ ಬಗ್ಗೆ ವೈದ್ಯರಿಗೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮಗಳಿಗೆ, ಅದೂ ಪತ್ರದ ಬಗ್ಗೆ. ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುವ ಆಕೆ, ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಇನ್ಸ್‌ಪೆಕ್ಟರಮ್ಮನ ಮನೆ ಬಾಗಿಲಿಗೆ ಬಂದು ನಿಂತು ಹೇಳಿದ ಮಾತು ಒಂದೇ: “ಅಪ್ಪ ಅಂಥ ತಪ್ಪು ಮಾಡೋರಲ್ಲ. ಯಾರೋ ಮಾಡಿ ಅವರ ತಲೆಗೆ ಕಟ್ಟಿದ್ದಾರೆ. ಯಾರು ಅಂತ ಹುಡುಕಿಕೊಡಿ.”

ನಾಳೆ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ವಿಚಾರಣೆ. ಮುದ್ರಣಾಲಯದ ಮಾಲೀಕರು ಆ ಪತ್ರವನ್ನು ಮುಂದಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ತಪ್ಪು ಸತ್ತವರ ಹೆಸರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ.

“ಇದರ ತಪ್ಪು ಹಿಡಿಯೋ ಕಣ್ಣು ಯಾಕೆ ಮುಚ್ಚಿತು, ಅದನ್ನ ಹೇಳು ಮೊದಲು,” ಎಂದರು ಇನ್ಸ್‌ಪೆಕ್ಟರಮ್ಮ.

ರಿಪೇರಿಗೆ ಐವತ್ತು ದಾಟಿತ್ತು. ರೇಡಿಯೋ ಬಿಚ್ಚುವುದರಿಂದ ಶುರುಮಾಡಿ ಕಂಪ್ಯೂಟರಿಗೆ ಬಂದವನು. ಕುರ್ಚಿಯನ್ನು ಮುಂದಕ್ಕೆಳೆಯಲು ಹೋಗಿ, ಅದು ಯಾರ ಕುರ್ಚಿ ಎಂಬುದು ನೆನಪಾಗಿ, ನಿಂತೇ ಕೆಲಸ ಮಾಡತೊಡಗಿದ.

“ಈ ಎಡಿಟರ್ ಇದೆಯಲ್ಲ, ಇದಕ್ಕೆ ಭಾಷೆ ಗೊತ್ತಿಲ್ಲ ಮೇಡಂ. ಅಕ್ಷರ ಹಿಡಿದಿಟ್ಟುಕೊಳ್ಳೋದು ಮಾತ್ರ ಇದರ ಕೆಲಸ. ತಪ್ಪಾ ಸರಿಯಾ ಅಂತ ಪಕ್ಕದಲ್ಲಿರೋ ಸ್ಪೆಲ್‌ಚೆಕ್ಕನ್ನ ಕೇಳುತ್ತೆ. ಅದು ಪದಕೋಶ ತೆಗೆದು ನೋಡಿ ಹೇಳುತ್ತೆ. ಪದಕೋಶ ಎಲ್ಲಿದೆ ಅನ್ನೋ ವಿಳಾಸ ಇಲ್ಲಿ ಬರೆದಿರಬೇಕು.” ಪರದೆಯ ಮೇಲೆ ಒಂದು ಸಾಲಿನ ಕೆಳಗೆ ಬೆರಳಿಟ್ಟ. “ಬರೆದಿದೆ. ಆದ್ರೆ ಹಳೇ ವಿಳಾಸ. ಎರಡು ತಿಂಗಳ ಹಿಂದೆ ಹೊಸ ಆವೃತ್ತಿ ಹಾಕಿದ್ದಾರೆ. ಪದಕೋಶ ಬೇರೆ ಕಡೆ ಹೋಗಿದೆ. ಇದು ದಿನಾ ಹೋಗಿ ಹಳೇ ಮನೆ ಬಾಗಿಲು ತಟ್ಟಿ ವಾಪಸ್ ಬಂದಿದೆ.”

ಅವನು ದೋಷಗಳ ದಾಖಲೆ ತೆರೆದ. ‘ಪದಕೋಶ ಸಿಗಲಿಲ್ಲ’ ಎಂಬ ಒಂದೇ ಸಾಲು ಪುಟಗಟ್ಟಲೆ ಇಳಿದುಕೊಂಡು ಹೋಯಿತು. ಎರಡು ತಿಂಗಳ ಒಂದೊಂದು ದಿನದ ತಾರೀಖೂ ಅದರಲ್ಲಿತ್ತು.

“ವ್ಯಾಕರಣ?”

“ಅದೂ ಹೋಗಿದೆ. ಅದರಲ್ಲೇ ಇನ್ನೊಂದು ಹೊಟ್ಟೆ ಉರಿಯೋ ವಿಷಯ ಇದೆ. ತಿದ್ದಪ್ಪನವರು ತಾವೇ ಒಂದು ನಿಯಮ ಬರೆದಿಟ್ಟಿದ್ರು. ಚಮಚ, ಹನಿ, ಗುಳಿಗೆ ಅನ್ನೋ ಪದದ ಹಿಂದೆ ಯಾವ ಲೆಕ್ಕ ಬಂದ್ರೂ ಅದಕ್ಕೆ ಹಳದಿ ಗೆರೆ ಹಾಕು ಅಂತ. ಹಳದಿ ಕಂಡ್ರೆ ಮೂಲಪ್ರತಿ ಪಕ್ಕಕ್ಕಿಟ್ಟು ಎರಡನೇ ಸಲ ನೋಡ್ತಿದ್ರು. ‘ಆರು’ ಸರಿಯಾದ ಪದವೇ, ಕೆಂಪು ಗೆರೆ ಹಿಡೀತಿರ್ಲಿಲ್ಲ. ಈ ಹಳದಿ ಹಿಡೀತಿತ್ತು. ಹೊಸ ಆವೃತ್ತಿ ಬಂದ ದಿನವೇ ಇದರ ಕೊಂಡಿ ಕಳಚಿದೆ.”

ಇನ್ಸ್‌ಪೆಕ್ಟರಮ್ಮ ಮೇಜಿನ ಖಾನೆ ಎಳೆದರು. ಕೆಂಪು ಪೆನ್ಸಿಲ್ಲುಗಳು, ಒಂದು ಭೂತಗನ್ನಡಿ, ಕಣ್ಣಿಗೆ ಹಾಕುವ ಹನಿಯ ಸೀಸೆ. ಅವುಗಳ ಅಡಿಯಲ್ಲಿ ಮೂರು ಚೀಟಿಗಳಿದ್ದವು. ದುಂಡಗಿನ ನೆಟ್ಟನೆ ಅಕ್ಷರ. ‘ಗೆರೆ ಬರುತ್ತಿಲ್ಲ. ನನ್ನ ಕಣ್ಣು ಮೊದಲಿನಂತಿಲ್ಲ. ದಯವಿಟ್ಟು ಯಾರಿಗಾದರೂ ತೋರಿಸಿ.’ ಮೂರೂ ಚೀಟಿಗಳ ಮೂಲೆಯಲ್ಲಿ ಬೇರೊಂದು ಅವಸರದ ಕೈ ‘ನೋಡೋಣ’ ಎಂದು ಬರೆದಿತ್ತು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮಾಲೀಕರು ಬಾಗಿಲಲ್ಲಿ ಕಾಣಿಸಿಕೊಂಡರು.

“ಇನ್ನೂ ಮುಗೀಲಿಲ್ವಾ? ಮಕ್ಕಳ ಸಂಕಟ ನನಗೂ ಅರ್ಥ ಆಗುತ್ತೆ. ಆದ್ರೆ ಅವರೇ ಒಪ್ಪಿಕೊಂಡು ಬರೆದಿಟ್ಟ ಮೇಲೆ ಕೆದಕೋದು ಯಾಕೆ?”

ಇನ್ಸ್‌ಪೆಕ್ಟರಮ್ಮ ಮೂರು ಚೀಟಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿ ಹಿಡಿದರು. “ಈ ‘ನೋಡೋಣ’ ನಿಮ್ಮ ಕೈಯದ್ದಾ?”

ಮಾಲೀಕರು ನೋಡಿದರು.

“ಕೆಲಸದ ಒತ್ತಡ ಇತ್ತು. ಶಾಲೆಗಳದ್ದು, ಆಸ್ಪತ್ರೆದು ಎಲ್ಲ ಒಟ್ಟಿಗೆ ಬಂದಿತ್ತು. ಅವರಿದ್ದಾರಲ್ಲ ಅನ್ನೋ ಧೈರ್ಯ. ಮೂವತ್ತು ವರ್ಷ ಒಂದು ತಪ್ಪು ಬಿಟ್ಟಿರ್ಲಿಲ್ಲ ಅವರು.”

“ಪತ್ರ ನೀವು ಬರೆಸಿದ್ರಾ?”

“ಏನು ಮಾತು ಅಂತ ಆಡ್ತೀರಮ್ಮ!” ಅವರ ಧ್ವನಿ ನಿಜಕ್ಕೂ ನಡುಗಿತು. “ನಾಲ್ಕು ಗಂಟೆಗೇ ನಾನು ಕಾಗದದ ಗೋದಾಮಿಗೆ ಹೋಗಿದ್ದೆ. ಮರುದಿನ ಬಂದು ಬಾಗಿಲು ತೆಗೆದವನೂ ನಾನೇ. ಅವರನ್ನ ಮುಟ್ಟಿ ಎಬ್ಬಿಸೋಕೆ ನೋಡಿದವನೂ ನಾನೇ.” ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. “ಸಂಜೆ ಕೊನೇಲಿ ಇದ್ದದ್ದು ಅವರು, ಮತ್ತೆ ಕೆಳಗಿನ ಟೈಪಿಂಗ್ ಅಕ್ಕ. ಇಬ್ಬರೇ.”

ಅವರು ಇಳಿದು ಹೋದ ಮೇಲೆ ರಿಪೇರಿ ಮೆಲ್ಲಗೆ ಕರೆದ. “ಮೇಡಂ. ತಿದ್ದೋ ಕೈ ಸಿಕ್ತು.”

ಪರದೆಯ ಮೇಲೆ ಎರಡು ಅಂಕಣಗಳ ಪಟ್ಟಿಯೊಂದು ತೆರೆದಿತ್ತು. ಎಡಗಡೆ ತಪ್ಪು ಪದ, ಬಲಗಡೆ ಅದರ ಬದಲಿಗೆ ತಾನಾಗಿ ಕೂರಬೇಕಾದ ಪದ. ಒಟ್ಟು ಮೂವತ್ತೆಂಟು.

“ಇದು ಎಡಿಟರ್ ಜೊತೆ ಬಂದದ್ದಲ್ಲ. ಯಾರೋ ಬೇರೆ ಕಂಪ್ಯೂಟರಿಂದ ತಂದು ಸೇರಿಸಿದ್ದು. ಹೊಸ ಆವೃತ್ತಿ ಬಂದು ಹದಿನೈದು ದಿನದ ಮೇಲೆ. ತಾರೀಖು ನೋಡಿದ್ರೆ ಭಾನುವಾರ.”

ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿಕೊಂಡು ಓದಿದರು. ‘ಓಂದು’ ಇದ್ದರೆ ‘ಒಂದು’. ‘ನಾಕು’ ಇದ್ದರೆ ‘ನಾಲ್ಕು’. ‘ಐದ್ದು’ ಇದ್ದರೆ ‘ಐದು’. ‘ಅರು’ ಇದ್ದರೆ ‘ಆರು’. ಅದರ ಕೆಳಗೆ, ‘ಅರೆ’ ಇದ್ದರೆ ‘ಆರು’. ‘ಎಳು’ ಇದ್ದರೆ ‘ಏಳು’. ‘ಹತು’ ಇದ್ದರೆ ‘ಹತ್ತು’.

“ಅಕ್ಷರ ಕಲಿಯೋ ಮಕ್ಕಳ ತಪ್ಪುಗಳಲ್ವಾ ಇವು?” ಎಂದ ರಿಪೇರಿ. “ನನ್ನ ಮಗಳೂ ಹಿಂಗೇ ಬರೀತಿದ್ಲು. ನಾಕು.”

ಇನ್ಸ್‌ಪೆಕ್ಟರಮ್ಮ ‘ಅರೆ’ ಇದ್ದ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದರು. ಎರಡನೇ ತರಗತಿಯ ಮಕ್ಕಳಿಗೆ ಅರ್ಧ, ಕಾಲು ಇನ್ನೂ ಹೇಳಿಕೊಟ್ಟಿರುವುದಿಲ್ಲ. ಅವರ ಲೋಕದಲ್ಲಿ ‘ಅರೆ’ ಎಂಬ ಅಳತೆಯೇ ಇಲ್ಲ. ಅಲ್ಲಿ ಅದು ‘ಆರು’ ಬರೆಯಲು ಹೋಗಿ ಎಡವಿದ ಪುಟ್ಟ ಕೈ, ಅಷ್ಟೆ.

“ಈ ಪಟ್ಟಿ ಯಾರಿಗೂ ತೋರಿಸಬೇಡ,” ಎಂದರು. “ಮಾಲೀಕರಿಗೂ ಬೇಡ. ನಾನು ಕೆಳಗೆ ಹೋಗಿ ಬರ್ತೀನಿ.”

ಟೈಪಿಂಗ್ ಅಕ್ಕನ ಕೋಣೆ ಯಂತ್ರಗಳ ಪಕ್ಕದಲ್ಲಿತ್ತು. ಆ ಹೊತ್ತಿಗೆ ಯಂತ್ರಗಳು ನಿಂತಿದ್ದವು. ಶಾಯಿಯ ವಾಸನೆ ಮಾತ್ರ ಗಾಳಿಯಲ್ಲಿತ್ತು. ಆಕೆ ಅರವತ್ತರ ಹತ್ತಿರದ ತೆಳ್ಳನೆಯ ಹೆಂಗಸು. ಕೀಲಿಮಣೆಯ ಅಕ್ಷರಗಳೆಲ್ಲ ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಎದುರಿಗೆ ಇನ್ನೊಂದು ಸ್ಟೂಲು ಇತ್ತು. ಅದರ ಮೇಲೆ ಮಡಿಸಿದ ದಿಂಬು.

“ಅವರು ಇಲ್ಲಿ ಕೂರ್ತಿದ್ರಾ?”

“ಅಣ್ಣಾನಾ? ಊಟ ಆದ ಮೇಲೆ ಹತ್ತು ನಿಮಿಷ. ಸೊಂಟ ನೋವು ಅವರಿಗೆ.”

ಇನ್ಸ್‌ಪೆಕ್ಟರಮ್ಮ ನಿಂತೇ ಇದ್ದರು. “ಅಕ್ಕಾ, ‘ಅರೆ ಚಮಚ’ ಅಂತ ಒಂದು ಸಲ ಹೊಡೀರಿ.”

ಆಕೆಯ ಎರಡೂ ಕೈ ಕೀಲಿಮಣೆಯಿಂದ ಜಾರಿ ಮಡಿಲಿಗೆ ಬಿದ್ದವು.

“ಯಾಕೆ?” ಎಂದರು ಇನ್ಸ್‌ಪೆಕ್ಟರಮ್ಮ. “ನಿಮ್ಮ ಕಂಪ್ಯೂಟರಿನಲ್ಲಿ ಅದು ಸರಿಯಾಗೇ ಬರುತ್ತಲ್ಲ. ಒಂಬತ್ತು ದಿನದ ಹಿಂದೆ ಸಂಜೆ ಹೊಡೆದಾಗಲೂ ಸರಿಯಾಗೇ ಬಂದಿತ್ತು.”

ಹೊರಗೆ ಯಾರೋ ಕಾಗದದ ಕಟ್ಟೊಂದನ್ನು ನೆಲಕ್ಕೆ ಹಾಕಿದರು. ಅಕ್ಕ ಬೆಚ್ಚಿದಳು.

“ಆ ಪತ್ರ ನೀವು ಹೊಡೆದದ್ದು.”

“ಹೊಡೆದದ್ದು ನಾನು,” ಎಂದಳು ಆಕೆ. “ಮಾತು ಅಣ್ಣಂದು. ಅವರ ಕೈ ನಡುಗ್ತಿತ್ತು. ‘ತಂಗಿ, ನಾನು ಹೇಳ್ತೀನಿ, ನೀನು ಹೊಡಿ’ ಅಂದ್ರು. ಒಂದೊಂದು ಪದಾನೂ ಅವರದ್ದೇ. ನಾನು ಒಂದು ಕಡೆ ಅಲ್ಪವಿರಾಮ ಬಿಟ್ಟಿದ್ದೆ. ಅವತ್ತೂ ಹಾಕಿಸಿದ್ರು.”

ಆಕೆ ಅಳಲಿಲ್ಲ. ಅತ್ತು ಮುಗಿದವರ ಧ್ವನಿಯಲ್ಲಿ ಹೇಳುತ್ತ ಹೋದಳು.

“ಆ ಹೆಂಗಸು ಹೋದ ಸುದ್ದಿ ಬಂತಲ್ಲ, ಅವತ್ತಿಂದ ಅಣ್ಣ ಊಟ ಬಿಟ್ರು. ‘ನಾನು ಅರೆ ಅಂತಲೇ ಹೊಡೆದಿದ್ದೆ’ ಅಂತ ಒಂದೇ ಸಮ ಹೇಳ್ತಿದ್ರು. ನಾನು ನಂಬಲಿಲ್ಲಮ್ಮ. ವಯಸ್ಸಾಯ್ತು, ಕೈತಪ್ಪಿದೆ ಅಂದ್ಕೊಂಡೆ. ಮೂರನೇ ದಿನ ಮಧ್ಯಾಹ್ನ ಮೇಲಿಂದ ನನ್ನ ಕೂಗಿದ್ರು. ಹೋದೆ. ನನ್ನ ಮುಂದೆ ‘ಅರೆ’ ಅಂತ ಹೊಡೆದ್ರು. ಅದು ಕಣ್ಣೆದುರಿಗೇ ‘ಆರು’ ಆಯ್ತು. ಆಮೇಲೆ ಏನೋ ಒತ್ತಿ ಆ ಪಟ್ಟಿ ತೆರೆದ್ರು. ಒಂದೊಂದಾಗಿ ಓದಿದ್ರು. ‘ನಾಕು’ ಅನ್ನೋದು ಬಂದಾಗ ನಕ್ಕುಬಿಟ್ರು. ಆ ನಗು ನನಗೆ ಈಗಲೂ...” ಆಕೆ ತುಟಿ ಕಚ್ಚಿದಳು.

“ಭಾನುವಾರ ಬಂದವರು ಯಾರು?”

“ನಿಮಗೆ ಗೊತ್ತಾಗಿದೆ. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?”

“ಹೇಳಿ.”

“ಮಗಳು,” ಎಂದಳು ಅಕ್ಕ. “ಶಾಲೆ ಮಕ್ಕಳ ಲೆಕ್ಕದ ಪುಸ್ತಕ ಆಗ ಇಲ್ಲೇ ತಯಾರಾಗ್ತಿತ್ತು. ಅದರಲ್ಲಿ ಅಣ್ಣ ಎರಡು ಮೂರು ಕಡೆ ‘ಅರು’, ‘ಎಳು’ ಅಂತ ಬಿಟ್ಟಿದ್ರು. ಮಗಳು ನೋಡಿದ್ಲು. ಅಪ್ಪನಿಗೆ ಕಣ್ಣು ಕಾಣ್ತಿಲ್ಲ ಅಂತ ಮಾಲೀಕರಿಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ, ಕೆಲಸ ಬಿಟ್ಟು ಅಪ್ಪ ಬದುಕಲ್ಲ ಅಂತ ಅವಳಿಗೆ ಭಯ. ಭಾನುವಾರ ಬಂದು ಆ ಗೆರೆ ಸರಿಮಾಡೋಕೆ ಒದ್ದಾಡಿದ್ಲು. ಆಗಲಿಲ್ಲ. ಕೊನೆಗೆ ತನ್ನ ಮಕ್ಕಳಿಗೆ ಅಂತ ಶಾಲೇಲಿ ಮಾಡಿಕೊಂಡಿದ್ದ ಪಟ್ಟಿ ತಂದು ಹಾಕಿದ್ಲು. ‘ಅಪ್ಪಾ, ಇನ್ನು ಲೆಕ್ಕದ ಪದ ತಪ್ಪಿದ್ರೆ ಅದೇ ತಿದ್ದಿಕೊಳ್ಳುತ್ತೆ, ನೀನು ತಲೆ ಕೆಡಿಸ್ಕೋಬೇಡ’ ಅಂದ್ಲು. ನಾನೂ ಇದ್ದೆ ಅವತ್ತು. ಅಪ್ಪ ಮಗಳಿಬ್ಬರಿಗೂ ಟೀ ಮಾಡಿಕೊಟ್ಟೆ.”

ಲೆಕ್ಕದ ಪುಸ್ತಕ ಮುಗಿಯಿತು. ಅದರ ಹಿಂದೆಯೇ ಆಸ್ಪತ್ರೆಯ ಕೈಪುಸ್ತಕ ಬಂತು. ಪಟ್ಟಿಯನ್ನು ತೆಗೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಇನ್ಸ್‌ಪೆಕ್ಟರಮ್ಮ ಸ್ಟೂಲಿನ ಮೇಲಿನ ದಿಂಬನ್ನು ಎತ್ತಿ ಪಕ್ಕಕ್ಕಿಟ್ಟು ಕೂತರು. ನಲವತ್ತು ವರ್ಷದ ಕೆಲಸದಲ್ಲಿ ಅವರು ಕಳ್ಳರನ್ನು ಹಿಡಿದಿದ್ದರು, ಕೊಲೆಗಾರರನ್ನು ಹಿಡಿದಿದ್ದರು. ಇಲ್ಲಿ ಕೋಳ ಹಾಕಲು ಯಾವ ಕೈಯೂ ಇರಲಿಲ್ಲ.

“ಅವಳಿಗೆ ಇದು ಗೊತ್ತಿಲ್ಲ,” ಎಂದರು.

“ಇಲ್ಲ. ಗೊತ್ತಾಗಬಾರದು ಅಂತಲೇ ಅಣ್ಣ ಆ ಪತ್ರ ಬರೆಸಿದ್ದು. ‘ಬೇರೆ ಯಾರನ್ನೂ ಎಳೆಯಬೇಡಿ’ ಅಂತ ಕೊನೇಲಿ ಸೇರಿಸಿದ್ದು ಅದಕ್ಕೇ. ನನ್ನಿಂದ ಮಾತು ತಗೊಂಡ್ರು. ಪತ್ರವನ್ನ ತಮ್ಮ ಕಂಪ್ಯೂಟರಿಗೆ ಹಾಕಿಸಿಕೊಂಡ್ರು. ‘ನೀನು ಹೊರಡು ತಂಗಿ, ಕತ್ತಲಾಗುತ್ತೆ. ನಾನು ಆ ಪಟ್ಟಿ ಅಳಿಸಿ ಬರ್ತೀನಿ’ ಅಂದ್ರು.” ಆಕೆ ಕಣ್ಣು ಮುಚ್ಚಿಕೊಂಡಳು. “ಅಳಿಸೋಕೆ ಮೊದಲೇ ಹೋಗಿಬಿಟ್ರು.”

“ಅವಳು ನನ್ನ ಹತ್ರ ಬಂದದ್ದು ತಪ್ಪು ಯಾರದ್ದು ಅಂತ ಹುಡುಕಿಸೋಕೆ.”

“ಗೊತ್ತು. ಅವಳು ನಿಮ್ಮನ್ನ ಕರ್ಕೊಂಡು ಬಂದ ದಿನ ನನಗೆ ಉಸಿರು ನಿಂತ ಹಾಗಾಯ್ತು. ನೀವು ದೊಡ್ಡೋರು. ನಿಮಗೆ ಏನೂ ಸಿಗಲಿಲ್ಲ ಅಂತ ಹೇಳಿಬಿಡಿ. ಅಣ್ಣನ ಹೆಸರು ಹಾಳಾಗಲಿ. ಅವರೇ ಅದನ್ನ ಬೇಡಿಕೊಂಡಿದ್ದು.”

“ಮಾಲೀಕರು ಮೂರು ಚೀಟಿಗೂ ‘ನೋಡೋಣ’ ಅಂತ ಬರೆದಿದ್ದಾರೆ ಅಕ್ಕ. ಗೆರೆ ಇದ್ದಿದ್ರೆ ಇದು ಆಗ್ತಿರ್ಲಿಲ್ಲ. ಅದನ್ನ ನಾಳೆ ಹೇಳಲೇಬೇಕು. ಅದನ್ನ ಹೇಳಿದ್ರೆ ಕಂಪ್ಯೂಟರ್ ತೆಗೆದು ನೋಡ್ತಾರೆ. ತೆಗೆದ್ರೆ ಪಟ್ಟಿ ಸಿಗುತ್ತೆ.”

ಅಕ್ಕ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಕೆರೆಯುವುದು ನಿಲ್ಲಲೇ ಇಲ್ಲ. ಇನ್ಸ್‌ಪೆಕ್ಟರಮ್ಮ ಅದನ್ನು ಗಮನಿಸಿದರು. ಹೇಳಿ ಮುಗಿಸಿದವರ ಕೈ ಹಾಗಿರುವುದಿಲ್ಲ.

“ಇನ್ನೇನು ಉಳಿದಿದೆ?”

“ಏನೂ ಇಲ್ಲ.”

“ಅಕ್ಕಾ.”

“ಅವತ್ತು ಎರಡು ಪತ್ರ ಬರೆಸಿದ್ರು,” ಎಂದಳು ಆಕೆ, ಬಹಳ ಸಣ್ಣ ಧ್ವನಿಯಲ್ಲಿ. “ಒಂದು ಎಲ್ಲರಿಗೂ. ಇನ್ನೊಂದು ಆ ದರ್ಜಿಗೆ.”

“ಅದರಲ್ಲಿ?”

“ಎಲ್ಲ. ಪಟ್ಟಿ, ಮಗಳು, ಭಾನುವಾರ, ಎಲ್ಲ. ‘ಊರಿಗೆಲ್ಲ ಸುಳ್ಳು ಹೇಳ್ತೀನಿ ತಂಗಿ, ಹೆಂಡತಿ ಕಳ್ಕೊಂಡವನಿಗೆ ಹೇಳೋಕೆ ಆಗಲ್ಲ’ ಅಂದ್ರು. ಕ್ಷಮಿಸಿ ಅಂತ ಕೇಳಿ, ‘ನನ್ನ ಮಗಳಿಗೆ ಮಾತ್ರ ತಿಳಿಸಬೇಡಿ, ಅವಳು ತಡೆಯಲಾರಳು’ ಅಂತ ಕೊನೇಲಿ ಬರೆಸಿದ್ರು. ಅಚ್ಚು ತೆಗೆಸಿ, ನಡುಗೋ ಕೈಯಲ್ಲೇ ಸಹಿ ಹಾಕಿ ನನಗೆ ಕೊಟ್ರು. ನನಗೆ ಧೈರ್ಯ ಬರಲಿಲ್ಲ. ಎಂಟು ದಿನ ಚೀಲದಲ್ಲೇ ಇಟ್ಕೊಂಡು ಓಡಾಡಿದೆ. ಸತ್ತವರ ಮಾತು ನಡೆಸದೇ ಇಟ್ಕೊಂಡ ಪಾಪ ಯಾಕೆ ಅಂತ ಇವತ್ತು ಬೆಳಗ್ಗೆ ಅವನ ಅಂಗಡಿಗೆ ಹೋಗಿ ಕೊಟ್ಟು ಬಂದೆ.”

“ಓದಿದ್ನಾ?”

“ನನ್ನೆದುರಿಗೇ ಓದಿದ. ಮೂರು ಸಲ.”

ಇನ್ಸ್‌ಪೆಕ್ಟರಮ್ಮ ಎದ್ದು ನಿಂತರು. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಶಾಲೆ ಬಿಟ್ಟು ಅರ್ಧ ಗಂಟೆಯಾಗಿತ್ತು. ಮೊಬೈಲ್ ತೆಗೆದು ಟೀಚರಮ್ಮನ ನಂಬರು ಒತ್ತಿದರು. ಏನು ಹೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ. ಸದ್ಯಕ್ಕೆ ಆಕೆಯ ಧ್ವನಿ ಕೇಳಿದರೆ ಸಾಕಾಗಿತ್ತು.

ಐದು ಸಲ ರಿಂಗಾಯಿತು. ಆರನೆಯದಕ್ಕೆ ಯಾರೋ ಎತ್ತಿದರು.

“ಹಲೋ,” ಎಂದಿತು ಒಂದು ಗಂಡಸಿನ ಧ್ವನಿ.

“ಯಾರು ಮಾತಾಡೋದು? ಇದು ಟೀಚರಮ್ಮನ ಫೋನಲ್ವಾ?”

“ಅವರದ್ದೇ. ಮೇಜಿನ ಮೇಲೆ ಬಿಟ್ಟುಹೋದ್ರು.” ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿರಲಿಲ್ಲ. ಎರಡು ದಿನದ ಹಿಂದೆ ಇನ್ಸ್‌ಪೆಕ್ಟರಮ್ಮ ದರ್ಜಿಯ ಅಂಗಡಿಗೆ ಹೋಗಿದ್ದಾಗಲೂ ಬಂದಿರಲಿಲ್ಲ. “ನೀವು ಆ ಪೊಲೀಸಮ್ಮ ತಾನೆ? ನಾನಮ್ಮ, ದರ್ಜಿ.”

ಇನ್ಸ್‌ಪೆಕ್ಟರಮ್ಮ ಗೋಡೆಗೆ ಕೈ ಊರಿದರು. “ಅವಳು ಅಲ್ಲಿಗೆ ಯಾಕೆ ಬಂದಿದ್ಲು?”

“ತಾವಾಗೇ ಬಂದ್ರು. ಶಾಲೆಯಿಂದ ಸೀದಾ. ನನ್ನ ಹೆಂಡತಿಗಾಗಿ ಅತ್ತರು. ನಮ್ಮಪ್ಪ ಮಾಡಿದ್ದಲ್ಲ ಅಂದ್ರು. ನಾನು ಆಯ್ತಮ್ಮ, ಬಿಡಿ ಅಂದೆ. ದೇವರಾಣೆ, ನಾನು ಬಾಯಿ ಬಿಡಬಾರದು ಅಂತಲೇ ಇದ್ದೆ. ಆ ಹಿರಿಯರು ಕೈ ಮುಗಿದು ಕೇಳ್ಕೊಂಡಿದ್ರಲ್ಲ.”

“ಆಮೇಲೆ?”

“ಆಮೇಲೆ ಅವರು ಶಾಪ ಹಾಕೋಕೆ ಶುರುಮಾಡಿದ್ರು.” ದರ್ಜಿಯ ಧ್ವನಿ ಒಡೆಯಿತು. “ಇದನ್ನ ಮಾಡಿದವರು ಯಾರೇ ಆಗಲಿ, ಅವರ ಕೈ ಸೇದಿ ಹೋಗಲಿ, ಅವರ ಮನೆ ಹಾಳಾಗಲಿ, ನೆಮ್ಮದಿಯ ಸಾವು ಬರದೇ ಇರಲಿ ಅಂತ. ಒಂದೇ ಸಮ ಅಮ್ಮ. ತಮಗೆ ತಾವೇ ಹಾಕ್ಕೊಳ್ತಾ ಇದ್ರು. ಕೇಳೋಕೆ ಆಗಲಿಲ್ಲ. ಸಾಕು ನಿಲ್ಸಿ ಅಂತ ಬೇಡಿಕೊಂಡೆ. ನಿಲ್ಲಿಸಲಿಲ್ಲ. ಪತ್ರ ಕೈಗೆ ಕೊಟ್ಟುಬಿಟ್ಟೆ.”

ಟೈಪಿಂಗ್ ಅಕ್ಕ ಎದ್ದು ಬಂದು ಫೋನಿನ ಹತ್ತಿರ ಕಿವಿಯಿಟ್ಟು ನಿಂತಿದ್ದಳು. ಅವಳ ಕೈ ಇನ್ಸ್‌ಪೆಕ್ಟರಮ್ಮನ ತೋಳನ್ನು ಬಿಗಿಯಾಗಿ ಹಿಡಿಯಿತು.

“ಓದಿದ್ಲಾ?”

“ಓದಿದ್ರು. ಅಳಲಿಲ್ಲ. ಪತ್ರ ಮಡಿಸಿ ಹಿಡ್ಕೊಂಡು ಎದ್ದು ಹೋದ್ರು. ಫೋನು ಇಲ್ಲೇ, ಕೈಚೀಲ ಇಲ್ಲೇ. ಕೂಗಿದೆ. ತಿರುಗಿ ನೋಡಲಿಲ್ಲ. ಹತ್ತು ನಿಮಿಷ ಆಯ್ತು.”

ಆ ಅಂಗಡಿಯ ಮುಂದಿನ ರಸ್ತೆ ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು. ಎಡಕ್ಕೆ ತಿರುಗಿದರೆ ಆಸ್ಪತ್ರೆ. ವಿಚಾರಣೆಯ ಅಧಿಕಾರಿ ಐದು ಗಂಟೆಯವರೆಗೂ ಅಲ್ಲೇ ಕೂತಿರುತ್ತಾರೆ. ಪತ್ರವನ್ನು ಅವರ ಕೈಗಿತ್ತರೆ ಅಪ್ಪನ ಹೆಸರು ಉಳಿಯುತ್ತದೆ. ಬಲಕ್ಕೆ ತಿರುಗಿದರೆ ನೂರು ಹೆಜ್ಜೆಯಲ್ಲಿ ರೈಲು ಹಳಿ.

“ನೆನಪು ಮಾಡ್ಕೊಂಡು ಹೇಳಪ್ಪ,” ಎಂದರು. ಮೆಟ್ಟಿಲಿನಿಂದ ಓಡಿ ಬಂದ ರಿಪೇರಿಗೆ ಗಾಡಿ ತೆಗೆಯುವಂತೆ ಕೈಸನ್ನೆ ಮಾಡಿದರು. “ಅಂಗಡಿ ದಾಟಿದ ಮೇಲೆ ಅವಳು ಎಡಕ್ಕೆ ಹೋದ್ಲಾ, ಬಲಕ್ಕಾ?”

ಆ ಕಡೆ ಅಂಗಡಿಯ ಬಾಗಿಲು ಕಿರುಗುಟ್ಟಿದ ಸದ್ದಾಯಿತು.

“ನನ್ನ ಕಣ್ಣು ತುಂಬಿತ್ತಮ್ಮ,” ಎಂದ ದರ್ಜಿ. “ನೋಡಲಿಲ್ಲ.”